ದೂಷೀವಿಷ: ಒಂದು ಪದವಿಚಾರ

ಜೇವರ್ಗಿಯ ಎರೆಹೊಲಗಳಲ್ಲಿ ತೊಗರಿಯು ಹೂಬಿಟ್ಟು ಕಾಯಿಕಟ್ಟುವ ಕಾಲಕ್ಕೆ ಕಾಯಿಕೊರಕದ ನಿವಾರಣಾರ್ಥವಾಗಿ ಸಿಂಪಡಿಸುವ ದ್ರವ್ಯಕ್ಕೆ ಆ ಸೀಮೆಯವರ ಮಾತಿನಲ್ಲಿ 'ಎಣ್ಣಿ' ಎಂದು ಹೆಸರು. 'ಎಣ್ಣಿ ಹೊಡೆದರು' ಎಂದರೆ ಕೃಷಿಕಾರ್ಯ. 'ಎಣ್ಣಿ ಕುಡಿದರು' ಎಂದರೆ ಪ್ರಾಣತ್ಯಾಗ. ಕುಡಿಯುವ ಕ್ರಿಯೆಯೊಡನೆ ಸ್ಫುಟವಾಗಿ ತೋರುವ ವಿಷಾರ್ಥವು ಹೊಡೆಯುವ ಕ್ರಿಯೆಯೊಡನೆ ಮರೆಯಾಗುವುದು. ದ್ರವ್ಯದ ಸ್ವಭಾವವಾದರೋ ಕ್ರಿಯಾಪದವನ್ನು ಅನುಸರಿಸತಕ್ಕುದಲ್ಲ. ಮೊನೊಕ್ರೋಟೊಫಾಸ್ ಮೊದಲಾದ ಆರ್ಗನೊಫಾಸ್ಫೇಟ್ ವರ್ಗದ ಕೀಟನಾಶಕಗಳು ಬಾಯಿಯಿಂದಲ್ಲದೆ ಚರ್ಮದಿಂದಲೂ ಉಸಿರಿನಿಂದಲೂ ಒಳಹೊಕ್ಕು, ನರಗಳ ವ್ಯಾಪಾರಕ್ಕೆ ಅವಶ್ಯವಾದ ಕಿಣ್ವವೊಂದನ್ನು ಸ್ತಂಭಿಸುವುವು.

ಕರಾವಳಿಯಲ್ಲಿ ಇದೇ ಸ್ಥಾನದಲ್ಲಿ 'ಮದ್ದು' ಎಂಬ ಶಬ್ದವುಂಟು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಬಿಡುವಾಗ ಈ ಶಬ್ದವು ಸಾಧುವೇ. ರೋಗವು ಮರದ್ದು, ಚಿಕಿತ್ಸೆಯೂ ಮರಕ್ಕೆ. ಆದರೆ ಕಾಸರಗೋಡಿನ ಎಣ್ಮಕಜೆಯೇ ಮೊದಲಾದ ಗ್ರಾಮಗಳ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನು ಯಾವ ರೋಗಿಯ ಮದ್ದು? ಸರ್ವೋಚ್ಚ ನ್ಯಾಯಾಲಯವು ಅದನ್ನು ನಿಷೇಧಿಸಿದ್ದು 2011ರಲ್ಲಿ.

ಜನರ ಮಾತು ಹೀಗಿರಲು, ವಿದ್ವಾಂಸರ ಪರಿಭಾಷೆಯು ಮೇಲೆಂದು ಹೇಳುವಂತಿಲ್ಲ. ಇತ್ತೀಚೆಗೆ ಗಮನಕ್ಕೆ ಬರುತ್ತಿರುವ ರಾಸಾಯನಿಕ ದೂಷಕಗಳನ್ನು 'ಉದಯೋನ್ಮುಖ ಮಾಲಿನ್ಯಕಾರಕಗಳು' ಎಂದು ಕನ್ನಡಿಸುವುದುಂಟು. ಉದಯೋನ್ಮುಖವೆಂಬುದು ಕವಿಗೂ ಗಾಯಕನಿಗೂ ಸಲ್ಲುವ ಪ್ರಶಂಸೆ. ಅದಲ್ಲದೆ ಇಲ್ಲಿ ಉದಯಿಸುತ್ತಿರುವುದು ದ್ರವ್ಯವಲ್ಲ, ಜ್ಞಾನ. ಅಂಟದ ಬಾಣಲೆಗಳ ಸಂಬಂಧದಿಂದ ಪ್ರಸಿದ್ಧವಾದ ಫ್ಲೂರಿನ್ ಸಂಯುಕ್ತಗಳು 1940ರ ದಶಕದಿಂದಲೇ ತಯಾರಾಗುತ್ತಿವೆ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನಾಕು ಅವುಗಳ ಕಳೇಬರವನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿ ಆ ಪಕ್ಷಿಕುಲವನ್ನು ನಾಶದ ಅಂಚಿಗೆ ತಂದುದು 2004ರಲ್ಲಿ ಸಿದ್ಧಪಟ್ಟಿತು. ಭಾರತದಲ್ಲಿ ಅದರ ಪಶುವೈದ್ಯಪ್ರಯೋಗವು 2006ರಲ್ಲಿ ನಿಷಿದ್ಧವಾಯಿತು. 'ನವವಿದಿತ ದೂಷಕ' ಎಂದರೆ ಅರ್ಥವು ನೇರವಾಗುವುದು.

'ಒಡ್ಡಿಕೊಳ್ಳುವಿಕೆ' ಎಂಬ ಪದವು ಇನ್ನೂ ಅನ್ಯಾಯದ್ದು. ಆತ್ಮಾರ್ಥಕವಾದ 'ಕೊಳ್' ಧಾತುವು ಕರ್ತೃವಿನ ಇಚ್ಛೆಯನ್ನು ಸೂಚಿಸುವುದರಿಂದ, ವಿಷ ತಗುಲಿದವನೇ ಅದಕ್ಕೆ ಮೈಯೊಡ್ಡಿದನೆಂಬ ದೋಷಾರೋಪವು ವ್ಯಾಕರಣದಲ್ಲಿಯೇ ಅಡಗಿದೆ. 'ವಿಷಸಂಸರ್ಗ' ಎಂದರೆ ಸಾಕು. ಸುಶ್ರುತಸಂಹಿತೆಯ ಕಲ್ಪಸ್ಥಾನವು ರಾಜನಿಗೆ ವಿಷವು ತಗುಲಬಹುದಾದ ದಾರಿಗಳನ್ನು ಎಣಿಸುವಾಗ ಅನ್ನಪಾನಗಳಲ್ಲಿಯೇ ನಿಲ್ಲದೆ ಹಲ್ಲುಕಡ್ಡಿ, ಅಭ್ಯಂಗದ ತೈಲ, ವಸ್ತ್ರ, ಹಾಸಿಗೆ, ಪಾದುಕೆ, ಧೂಮಗಳವರೆಗೆ ಹೋಗುವುದು. ರಾಜನಿಗಾಗಿ ಬರೆದ ಆ ಪಟ್ಟಿಯು ಬೆನ್ನಿಗೆ ಪಂಪು ಹೊತ್ತು ಬರಿಗಾಲಲ್ಲಿ ತೊಗರಿಸಾಲಿನೊಳಗೆ ನಡೆಯುವವನಿಗೆ ಹೆಚ್ಚು ಒಪ್ಪುವುದು.

ಅದೇ ಕಲ್ಪಸ್ಥಾನದಲ್ಲಿ ದೂಷೀವಿಷದ ಲಕ್ಷಣವಿದೆ. ಹಳತಾಗಿಯೋ, ಪ್ರತ್ಯೌಷಧದಿಂದ ಕುಂದಿಯೋ, ಬೆಂಕಿ ಗಾಳಿ ಬಿಸಿಲುಗಳಿಂದ ಒಣಗಿಯೋ ಅಲ್ಪವೀರ್ಯವಾದ ವಿಷವು ಕೂಡಲೆ ಕೊಲ್ಲದೆ, ಕಫಾವೃತವಾಗಿ ದೇಹದಲ್ಲಿ ವರ್ಷಗಟ್ಟಲೆ ನೆಲಸಿ, ದೇಶಕಾಲಾಹಾರಗಳಿಂದ ಕೆರಳಿ ಧಾತುಗಳನ್ನು ದೂಷಿಸುವುದೆಂದು ಅದರ ಸಾರ. ಇದನ್ನು ಕಂಡೊಡನೆ ಹೊಸ ವಿಷಗಳೆಲ್ಲವನ್ನೂ ಪೂರ್ವಿಕರು ಬಲ್ಲರೆಂದು ಹಿಗ್ಗುವುದು ಪಾಂಡಿತ್ಯವಲ್ಲ. ಮೊನೊಕ್ರೋಟೊಫಾಸು ನೀರಿನಲ್ಲಿ ಕರಗಿ ದೇಹವನ್ನು ಬೇಗ ಬಿಡುವುದು. ಅದು ಸದ್ಯೋಘಾತಿ, ದೂಷೀವಿಷವಲ್ಲ. ಮೇದಸ್ಸಿನಲ್ಲಿ ವರ್ಷಾನುವರ್ಷ ಉಳಿಯುವ ಡಿ.ಡಿ.ಟಿ.ಗೆ ಮಾತ್ರ ಆ ಹೆಸರು ಸಲ್ಲಬಹುದು. ಅಲ್ಲಿಯೂ ಆಶ್ರಯವು ಕಫವಲ್ಲ, ವೀರ್ಯವು ಕುಂದಿದ್ದೂ ಅಲ್ಲ. 14ನೆಯ ಶತಮಾನದಲ್ಲಿ ಮಂಗರಾಜನು ವಿಷವೈದ್ಯವನ್ನು ಕನ್ನಡ ಪದ್ಯಗಳಲ್ಲಿಯೇ ಬರೆದ ಖಗೇಂದ್ರಮಣಿದರ್ಪಣವಿರುವಾಗ ಇಂಥ ವಿವೇಚನೆಗೆ ಭಾಷೆ ಸಾಲದೆಂಬ ನೆಪಕ್ಕೆ ಎಡೆಯಿಲ್ಲ.

1971ರ ಕೀಟನಾಶಕ ನಿಯಮಗಳ ಪ್ರಕಾರ ಅತ್ಯುಗ್ರ ದ್ರವ್ಯದ ಡಬ್ಬಿಯ ಮೇಲೆ ಕೆಂಪು ತ್ರಿಕೋಣವೂ ತಲೆಬುರುಡೆಯ ಚಿತ್ರವೂ ವಿಷವೆಂಬ ಮಾತೂ ಇರತಕ್ಕುದು. ಡಬ್ಬಿಯನ್ನು ಕೊಂಡವನು ಅದನ್ನು ನೋಡಿಯಾನು. ಮರುದಿನ ಅದೇ ಹೊಲಕ್ಕೆ ಕಳೆ ಕೀಳಲು ಬರುವ ಕೂಲಿಯ ಹೆಂಗಸರ ಕಿವಿಗೆ ಬೀಳುವುದು 'ನಿನ್ನೆ ಎಣ್ಣಿ ಹೊಡೆದೀವಿ' ಎಂಬಷ್ಟೇ. ರೂಢಿಯ ಶಬ್ದವನ್ನು ಕಿತ್ತೊಗೆಯುವುದು ಯಾವ ಪಂಡಿತನಿಂದಲೂ ಆಗದು. ಅದಕ್ಕೊಂದು ವಿಶೇಷಣವನ್ನು ಸೇರಿಸಿ 'ವಿಷದೆಣ್ಣಿ' ಎಂದು ಪಾಠಪುಸ್ತಕಗಳಲ್ಲಿಯೂ ಕೃಷಿಪ್ರಕಟನೆಗಳಲ್ಲಿಯೂ ಬರೆಯಬಹುದು.