ಕಥನದಿಂದ ಜಾರಿಬಿದ್ದ ದೋಣಿ

ಡಿಸೆಂಬರ್ ರಜೆ ಮುಗಿದು ಜನವರಿ ಬಂತೆಂದರೆ ನಮ್ಮ ನಡುವೆ ಒಂದು ಬಗೆಯ ಪ್ರವಾಸ ಬರಹ ಹೆಚ್ಚುತ್ತದೆ. ಡೊಂಬಿವಲಿ, ಕಲ್ಯಾಣಗಳಿಂದ ಐರೋಲಿ, ಮಹಾಪೆಗೆ ದಿನಾ ಹೋಗಿಬರುವ ಕನ್ನಡಿಗರಲ್ಲಿ ಕೆಲವರಿಗೆ ಈಗ ತಾರ್ಕರ್ಲಿಯಲ್ಲಿ ಒಂದು ಮುಳುಗು ಹಾಕಿ ಬಂದರೆ ಸಾಲುವುದಿಲ್ಲ. ಅಂಡಮಾನಿಗೋ ಮಾಲ್ಡೀವ್ಸಿಗೋ ಹೋಗಿ, ಐದಾರು ದಿನ ಬೋಟಿನಲ್ಲೇ ಉಂಡು ಮಲಗಿ, ದಿನಕ್ಕೆ ಮೂರು ನಾಲ್ಕು ಸಲ ಸ್ಕೂಬಾ ಮಾಡಿ ಬರುತ್ತಾರೆ. ‘ಲಿವ್‌ಅಬೋರ್ಡ್’ ಎಂದು ಇದರ ಹೆಸರು. ಬಂದವರು ಬರೆಯುತ್ತಾರೆ, ನಾವು ಓದುತ್ತೇವೆ. ನನ್ನ ತಕರಾರು ಒಂದೇ. ಈ ಬರಹಗಳಲ್ಲಿ ನೀರಿದೆ, ಮೀನಿದೆ, ಬರೆದವರಂತೂ ಧಾರಾಳವಾಗಿ ಇದ್ದಾರೆ. ದೋಣಿ ಮಾತ್ರ ಕಾಣೆ.

ಪ್ರಾಜೆಕ್ಟ್ ಮ್ಯಾನೇಜರ್ ಆದವನಿಗೆ ಗಂಟೆ ಲೆಕ್ಕ ಹಾಕುವ ಚಟ ಬಿಡುವುದಿಲ್ಲ. ಒಂದು ಡೈವ್ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ನಾಲ್ಕು ಸಲ ಇಳಿದರೂ ನೀರಿನೊಳಗೆ ಕಳೆದದ್ದು ನಾಲ್ಕು ಗಂಟೆ. ಮಿಕ್ಕ ಇಪ್ಪತ್ತು ಗಂಟೆ ಬೋಟಿನ ಮೇಲೆ. ಅಲ್ಲಿ ಅಡುಗೆಯವನಿದ್ದಾನೆ, ಎಂಜಿನ್ ನೋಡುವವನಿದ್ದಾನೆ, ಸಿಲಿಂಡರಿಗೆ ಕಂಪ್ರೆಸರ್‌ನಿಂದ ಗಾಳಿ ತುಂಬುವವನಿದ್ದಾನೆ, ಪ್ರವಾಹ ನೋಡಿ ‘ಈಗ ಬೇಡ’ ಎನ್ನುವ ಗೈಡ್ ಇದ್ದಾನೆ. ನೀರಡಿಯ ಪ್ರತಿ ಉಸಿರೂ ಬೇರೊಬ್ಬ ತುಂಬಿಕೊಟ್ಟದ್ದು. ಆದರೂ ಬರಹದಲ್ಲಿ ಆ ನಾಲ್ಕು ಗಂಟೆಗೆ ನಾಲ್ಕು ಪುಟ, ಇಪ್ಪತ್ತು ಗಂಟೆಗೆ ‘ಊಟ ಚೆನ್ನಾಗಿತ್ತು’ ಎಂಬ ಒಂದು ಸಾಲು.

ಆ ನಾಲ್ಕು ಪುಟಗಳಾದರೂ ಹೇಗಿರುತ್ತವೆ? ‘ಬೇರೆಯೇ ಲೋಕ’, ‘ಮಾತಿಗೆ ನಿಲುಕದ ಮೌನ’, ‘ನನ್ನನ್ನು ನಾನೇ ಕಂಡುಕೊಂಡೆ’. ಹವಳದ ದಿಬ್ಬ ಮೌನವಾಗಿರುವುದೇ ಇಲ್ಲ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಅಲ್ಲಿ ಪುಟ್ಟ ಸೀಗಡಿಗಳ ಚಟಪಟ ನಡೆದೇ ಇರುತ್ತದೆ. ಗಾಳಿಗಿಂತ ನೀರಿನಲ್ಲಿ ಶಬ್ದ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಚಲಿಸುವುದರಿಂದ ಅದು ಎಡದಿಂದ ಬಂತೋ ಬಲದಿಂದ ಬಂತೋ ಕಿವಿಗೆ ತಿಳಿಯದು. ಇಳಿದಂತೆ ಮೊದಲು ಅಳಿಯುವ ಬಣ್ಣ ಕೆಂಪು. ಪ್ರತಿ 10 ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಮೇಲೆ ಬರುವಾಗ 5 ಮೀಟರ್ ಆಳದಲ್ಲಿ ಮೂರು ನಿಮಿಷ ಸುಮ್ಮನೆ ತೇಲಿ ನಿಲ್ಲುವುದು ರೂಢಿ. ಇವನ್ನು ಮೈಯಲ್ಲಿ ಅನುಭವಿಸಿ ಬಂದವರು ಇವನ್ನೇ ಬಿಟ್ಟು ವಿಸ್ಮಯದ ಸಿದ್ಧಪದಗಳಿಗೆ ಕೈಚಾಚುತ್ತಾರೆ.

ಆ ‘ಮೌನ’ ನಮಗೆ ಎರವಲಾಗಿ ಬಂದದ್ದು. 1943ರಲ್ಲಿ ಎಮಿಲ್ ಗಾನ್ಯಾನ್ ಜೊತೆ ಆಕ್ವಾಲಂಗ್ ಉಪಕರಣವನ್ನು ರೂಪಿಸಿದ ಫ್ರಾನ್ಸಿನ ಜಾಕ್ ಕುಸ್ತೊ, ಲೂಯಿ ಮಾಲ್ ಜೊತೆ ಸೇರಿ ನಿರ್ದೇಶಿಸಿದ ‘ದ ಸೈಲೆಂಟ್ ವರ್ಲ್ಡ್’ 1956ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಇವತ್ತಿನ ಕಣ್ಣಿಗೆ ಆ ಚಿತ್ರ ನೋಡುವುದು ಕಷ್ಟ. ಮೀನು ಎಣಿಸಲೆಂದು ಹವಳದ ದಿಬ್ಬಕ್ಕೆ ಡೈನಮೈಟ್ ಇಡುತ್ತಾರೆ. ಹಡಗಿನ ಪ್ರೊಪೆಲರಿಗೆ ಸಿಕ್ಕಿದ ತಿಮಿಂಗಿಲದ ಮರಿಯನ್ನು ತಿನ್ನಲು ಬಂದ ಶಾರ್ಕ್‌ಗಳನ್ನು ಸಿಬ್ಬಂದಿ ರೋಷದಿಂದ ಎಳೆದು ಹೊಡೆದು ಸಾಯಿಸುತ್ತಾರೆ. ಆದರೂ ಅದು ನಮ್ಮ ಬರಹಗಳಿಗಿಂತ ಒಂದು ವಿಷಯದಲ್ಲಿ ಪ್ರಾಮಾಣಿಕ. ಕ್ಯಾಲಿಪ್ಸೊ ಹಡಗು ಅಲ್ಲಿ ಪೂರ್ತಿ ಕಾಣುತ್ತದೆ. ಅವಸರದಲ್ಲಿ ಮೇಲೆ ಬಂದು ಮೈ ನೋವಿಗೆ ಸಿಕ್ಕಿದ ಡೈವರ್ ಉಕ್ಕಿನ ಕೋಣೆಯೊಳಗೆ ಕೂತಿದ್ದಾನೆ, ಹೊರಗೆ ಉಳಿದವರು ಊಟಕ್ಕೆ ಕೂತಿದ್ದಾರೆ. ಕೊಂದವರು ಯಾರು, ಉಂಡವರು ಯಾರು ಎಂಬುದನ್ನು ಚಿತ್ರ ಮುಚ್ಚಿಡುವುದಿಲ್ಲ. ಅದನ್ನು ಇಂದು ನಾವು ಖಂಡಿಸಲು ಸಾಧ್ಯವಾಗಿರುವುದೇ ಅದು ಹಡಗನ್ನು ತೋರಿಸಿದ್ದರಿಂದ.

ಕನ್ನಡದಲ್ಲಿ ಇದಕ್ಕೆ ಹತ್ತಿರದ್ದೆಂದರೆ ಅಮೋಘವರ್ಷ ನಿರ್ದೇಶನದ ‘ಗಂಧದ ಗುಡಿ’. ಪುನೀತ್ ರಾಜ್‌ಕುಮಾರ್ ತೀರಿಕೊಂಡು ವರ್ಷ ತುಂಬುವ ಹಿಂದಿನ ದಿನ, 2022ರ ಅಕ್ಟೋಬರ್ 28ರಂದು, ತೆರೆಕಂಡ ಚಿತ್ರ. ಅದರಲ್ಲಿ ಪುನೀತ್ ಪಾತ್ರಧಾರಿಯಲ್ಲ, ತಾನಾಗಿಯೇ ಬರುತ್ತಾರೆ. ಮುರುಡೇಶ್ವರದ ಆಚೆಯ ನೇತ್ರಾಣಿಯಲ್ಲಿ ನೀರಿಗಿಳಿಯುತ್ತಾರೆ. ಬಾಯಲ್ಲಿ ರೆಗ್ಯುಲೇಟರ್ ಕಚ್ಚಿದ ನಟನಿಗೆ ಡೈಲಾಗ್ ಇಲ್ಲ, ನೀರಡಿಯಲ್ಲಿ ಡ್ಯಾನ್ಸೂ ಇಲ್ಲ. ಪಕ್ಕದಲ್ಲಿರುವ ಜೊತೆಗಾರನ ಕೈಸನ್ನೆಯನ್ನು ನಂಬಿ ಉಸಿರಾಡಬೇಕು. ಆ ಉಸಿರು ಇನ್ನಿಲ್ಲ ಎಂದು ತಿಳಿದೇ ಚಿತ್ರಮಂದಿರಕ್ಕೆ ಬಂದ ನಮಗೆ ಆ ಅವಲಂಬನೆ ತಟ್ಟುವ ರೀತಿಯೇ ಬೇರೆ. ತಾರೆಯೊಬ್ಬನನ್ನು ಕಲಿಯುವವನ ಜಾಗದಲ್ಲಿ ನಿಲ್ಲಿಸಿದ್ದು ಆ ಭಾಗದ ಗೆಲುವು. ಆದರೆ ಚಿತ್ರಕ್ಕೆ ಇಡೀ ಕರ್ನಾಟಕ ಸುತ್ತುವ ಅವಸರವಿದೆ. ನೇತ್ರಾಣಿಯಲ್ಲಿ ಹೆಚ್ಚು ಹೊತ್ತು ನಿಲ್ಲಲು ಅದಕ್ಕೆ ಪುರುಸೊತ್ತಿಲ್ಲ.

ಬರಹಕ್ಕೆ ಆ ಅವಸರವಿಲ್ಲ. ನೇತ್ರಾಣಿಯೊಂದರಲ್ಲೇ ಎಷ್ಟು ಸಂಗತಿಗಳಿವೆ! ಪಾರಿವಾಳದ ಹೆಸರಿನ ಈ ಪಿಜನ್ ಐಲ್ಯಾಂಡ್ ಬಿಳಿಹೊಟ್ಟೆಯ ಕಡಲ ಹದ್ದಿನ ನೆಲೆ. ನೌಕಾಪಡೆ ಗುರಿಯಭ್ಯಾಸಕ್ಕೆ ಬಳಸಿದ ಬಂಡೆಯೂ ಅದೇ. ಮೀನುಗಾರರು ಜಟಿಗನಿಗೆ ಹರಕೆ ಹೊತ್ತು ಬಿಟ್ಟ ಆಡುಗಳು ಅಲ್ಲಿ ಕಾಡುಬಿದ್ದಿವೆ. ಅಲ್ಲಿಗೆ ದೋಣಿ ನಡೆಸುವ ತಾಂಡೇಲನಿಗೆ ಆ ನೀರು ‘ಬೇರೆಯೇ ಲೋಕ’ ಅಲ್ಲ, ಅವನ ದಿನದ ದುಡಿಮೆಯ ಜಾಗ. ಅವನಿಗೆ ಗೊತ್ತಿರುವ ಹೆಸರುಗಳನ್ನು ಕೇಳಿ ಬರೆದರೆ ‘ಪ್ಯಾರಟ್ ಫಿಶ್’ ಎಂದು ಕೈಬಿಡುವಲ್ಲಿ ಒಂದು ಕನ್ನಡ ಪದವೋ ಕೊಂಕಣಿ ಪದವೋ ಬಂದೀತು.

ನಮ್ಮ ಪರಂಪರೆ ಇದಕ್ಕೆ ಅಡ್ಡಿಯಾಗಿಲ್ಲ. ಗೋಕಾಕರ ‘ಸಮುದ್ರ ಗೀತೆಗಳು’ (1940) ಹಡಗಿನ ಪಯಣದಿಂದಲೇ ಹುಟ್ಟಿದವು. ಅಂಡಮಾನಿನ ಬಗ್ಗೆ ಬರೆದ ತೇಜಸ್ವಿ ಗಾಳ ಹಿಡಿದವರು. ಗಾಳ ಹಿಡಿದವನು ಮೀನನ್ನು ನೋಡುವುದರ ಜೊತೆಗೆ ನೀರನ್ನು ಬಲ್ಲ ಮನುಷ್ಯನ ಮಾತನ್ನೂ ಕೇಳುತ್ತಾನೆ. ಇನ್ನು ಮುಂಬಯಿ ಕನ್ನಡ ಗದ್ಯವಂತೂ ನಿಂತಿರುವುದೇ ದುಡಿಯುವವರ ಮೇಲೆ. ವ್ಯಾಸರಾಯ ಬಲ್ಲಾಳರ ‘ಬಂಡಾಯ’ದಲ್ಲಿ ಕಾರ್ಮಿಕರಿದ್ದಾರೆ, ಜಯಂತ ಕಾಯ್ಕಿಣಿಯವರ ಕತೆಗಳಲ್ಲಿ ಈ ಊರಿನ ಹೆಸರಿಲ್ಲದ ಜನ ಹೆಸರು ಪಡೆಯುತ್ತಾರೆ. ಹಗಲು ಹೋಟೆಲಿನಲ್ಲಿ ತಟ್ಟೆ ಎತ್ತಿ ರಾತ್ರಿಶಾಲೆಯಲ್ಲಿ ಓದಿದವರ ಊರು ಇದು. ಮೊಗವೀರರು 1902ರಲ್ಲೇ ಇಲ್ಲಿ ತಮ್ಮ ಮಂಡಳಿ ಕಟ್ಟಿಕೊಂಡರು. ಕಡಲು ಬಲ್ಲವರ ಮಾತು ನಮಗೆ ಪಕ್ಕದ ಮನೆಯಷ್ಟು ಹತ್ತಿರ. ಕಾಯ್ಕಿಣಿಯವರನ್ನು ಮೆಚ್ಚಿ ಓದುವ ನಾವೇ ರಜೆಯ ಬರಹಕ್ಕೆ ಕೂತಾಗ ತಟ್ಟೆ ತಂದಿಟ್ಟವನನ್ನು ಕಾಣುವುದಿಲ್ಲ ಎಂದರೆ, ಸಂಬಳ ಏರಿದಂತೆ ನಾವು ಗಿರಾಕಿಯ ಕಣ್ಣಿನಿಂದ ಬರೆಯತೊಡಗಿದ್ದೇವೆ ಎಂದೇ ಅರ್ಥ. ಮಾಲ್ಡೀವ್ಸಿನಲ್ಲಿ ದುಡಿಯುವವರಲ್ಲಿ ಬಾಂಗ್ಲಾದೇಶದಿಂದ, ಶ್ರೀಲಂಕಾದಿಂದ, ನಮ್ಮ ದೇಶದಿಂದ ಹೋದವರು ಬಹಳ. ಊರು ಬಿಟ್ಟು ಬಂದವರ ಪತ್ರಿಕೆಯಲ್ಲಿ ಊರು ಬಿಟ್ಟು ಬಂದ ಇನ್ನೊಬ್ಬನಿಗೆ ಅರ್ಧ ಸಾಲೂ ಇಲ್ಲ.

ಇದು ಬರೀ ಸೌಜನ್ಯದ ಪ್ರಶ್ನೆಯಲ್ಲ, ಸತ್ಯದ ಪ್ರಶ್ನೆಯೂ ಹೌದು. 1998ರ ಬಿಸಿಗೆ ಮಾಲ್ಡೀವ್ಸ್, ಲಕ್ಷದ್ವೀಪಗಳ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿ ಸತ್ತಿತು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ನಾಲ್ಕನೆಯ ಜಾಗತಿಕ ಬಿಳಿಚುವಿಕೆಯನ್ನು ಘೋಷಿಸಿದರು. ಐದು ದಿನದ ಅತಿಥಿಗೆ ಬಿಳಿಯ ಹವಳವೂ ಸುಂದರವಾಗಿಯೇ ಕಂಡೀತು. ಅದು ಹೋದ ವರ್ಷ ಯಾವ ಬಣ್ಣದ್ದಾಗಿತ್ತು ಎನ್ನುವುದು ಗೊತ್ತಿರುವುದು ವರ್ಷವಿಡೀ ಅದೇ ನೀರಿಗಿಳಿಯುವ ಗೈಡಿಗೆ. ಅವನನ್ನು ಬಿಟ್ಟು ಬರೆದ ‘ಬಣ್ಣಬಣ್ಣದ ಲೋಕ’ ಸುಳ್ಳೇ ಆಗಿರಬಹುದು.

ಮಾಲ್ಡೀವ್ಸಿನ ದೊಡ್ಡ ಬೋಟುಗಳ ಜೊತೆಗೆ ಸಾಮಾನ್ಯವಾಗಿ ಇನ್ನೊಂದು ಚಿಕ್ಕ ಬೋಟು ಸಾಗುತ್ತದೆ. ಸಿಲಿಂಡರುಗಳು, ಕಂಪ್ರೆಸರ್, ಒದ್ದೆ ಸೂಟುಗಳೆಲ್ಲ ಇರುವುದು ಅದರಲ್ಲಿ. ಡೈವರುಗಳು ನೀರಿಗೆ ಹಾರುವುದು ಅದರಿಂದ, ಮೇಲೆದ್ದು ಹತ್ತುವುದು ಅದಕ್ಕೆ. ಅಲ್ಲಿನ ದಿವೇಹಿ ಭಾಷೆಯಲ್ಲಿ ಅದರ ಹೆಸರು ದೋಣಿ. ಅಷ್ಟು ದೂರ ಹೋದ ಕನ್ನಡಿಗ ಅರ್ಥ ಕೇಳದೆಯೇ ತಿಳಿದುಕೊಳ್ಳಬಹುದಾದ ಮಾತು ಅದು. ಮುಂದಿನ ಜನವರಿಯಲ್ಲಿ ಯಾರಾದರೂ ಬರೆಯುವುದಾದರೆ ಅಲ್ಲಿಂದ ಶುರುಮಾಡಲಿ: ಆ ದೋಣಿ ನಡೆಸುವವನು ಯಾವ ಊರಿನವನು, ಮನೆಗೆ ಹೋಗಿ ಎಷ್ಟು ತಿಂಗಳಾಯಿತು, ಅವನು ಮೊದಲು ಕಂಡಾಗ ಆ ಹವಳ ಹೇಗಿತ್ತು.