ಮುಸ್ಸಂಜೆಯ ಎಣಿಕೆ

ಕಳೆದ ವಾರ ತೆರಕಣಾಂಬಿ ಕಡೆಯ ಒಂದು ಹಿತ್ತಲಿಗೆ ಹೋಗಿದ್ದೆ. ಮನೆಯವರೆಲ್ಲ ಅರಿಶಿನದ ಹೊಲಕ್ಕೆ ಹೋಗಿದ್ದ ಮಧ್ಯಾಹ್ನದಲ್ಲಿ ಗೂಡಿನೊಳಗಿದ್ದ ಐದು ಹ್ಯಾಟೆಗಳು ಸತ್ತು ಬಿದ್ದಿದ್ದವು. 'ನರಿ ನುಗ್ಗದ ಸಾರ್' ಎಂದು ಮಗ ಬೇಲಿಯ ಕಡೆ ಕೈ ತೋರಿಸಿದ. ಅವನ ತಾಯಿ ಒಪ್ಪಲಿಲ್ಲ. ಒಂದು ಹ್ಯಾಟೆಯನ್ನು ಎತ್ತಿಕೊಂಡು ಕತ್ತಿನ ಪುಕ್ಕವನ್ನು ಬಾಯಿಂದ ಊದಿ ಬಿಡಿಸಿ ನನಗೆ ತೋರಿಸಿದರು. ಸೂಜಿ ಚುಚ್ಚಿದಂಥ ಸಣ್ಣ ಗಾಯಗಳು. 'ನರಿ ಆಗಿದ್ರ ಹೊತ್ಕಂಡೋಗದು ಕನಪ್ಪ. ಇದು ಕತ್ತ ಕಚ್ಚಿ ಅಲ್ಲೇ ಬುಟ್ಟೋಗದ. ಮುಂಗುಸಿ ಕೆಲ್ಸ.' ಗೂಡಿನ ಹಲಗೆಗಳ ನಡುವೆ ಎರಡು ಬೆರಳಗಲದ ಸಂದಿತ್ತು. ನರಿಯ ಮೂತಿಯೂ ತೂರದ ಆ ಸಂದು ಮುಂಗುಸಿಗೆ ಹೆಬ್ಬಾಗಿಲು.

ಕೋಳಿ ಸಾಕುವವರು ಮೊದಲು ಕಲಿಯಬೇಕಾದ್ದು ಆ ತಾಯಿಗಿದ್ದ ಈ ಓದು. ಕೋಳಿ ಹೋದ ಬೆಳಿಗ್ಗೆ ಕೋಪ ಬರುವುದು ಸಹಜ. ಆದರೆ ಅಂಗಳ ಗುಡಿಸುವ ಮುಂಚೆ ಐದು ನಿಮಿಷ ಕೂತು ನೋಡಬೇಕು. ಬೇಲಿಯವರೆಗೆ ಪುಕ್ಕದ ಜಾಡು ಹಿಡಿದು ಕೋಳಿಯೇ ಕಾಣೆಯಾಗಿದ್ದರೆ ನರಿಯೋ ಕಾಡುಬೆಕ್ಕೋ ಇರಬೇಕು. ತಲೆ, ಕತ್ತು ಮಾತ್ರ ಹರಿದಿದ್ದರೆ ಮುಂಗುಸಿ ಅಥವಾ ಪುನುಗು. ಹಗಲಾದರೆ ಮೊದಲನೆಯದು, ರಾತ್ರಿಯಾದರೆ ಎರಡನೆಯದು. ಹೂಮರಿಗಳು ದಿನಕ್ಕೆರಡರಂತೆ ಸದ್ದಿಲ್ಲದೆ ಕಮ್ಮಿಯಾಗುತ್ತಿದ್ದರೆ ಆಕಾಶ ನೋಡಿ, ಇಲ್ಲವೇ ಹೆಗ್ಗಣದ ಬಿಲ ಹುಡುಕಿ. ಕೋಳಿಗಳೆಲ್ಲ ಸತ್ತು, ಯಾವುದನ್ನೂ ತಿನ್ನದೆ ಅಂಗಳದ ತುಂಬ ಎಳೆದಾಡಿದ್ದರೆ ಅದು ಹೆಚ್ಚಿನ ಸಲ ಊರ ನಾಯಿಗಳ ಗುಂಪು. ಹೇಳಲು ಸಂಕಟವಾಗುತ್ತದೆ, ಆದರೆ ನಾನು ಕಂಡ ಹಿತ್ತಲುಗಳಲ್ಲಿ ನರಿಯ ಲೆಕ್ಕಕ್ಕೆ ಬರೆದ ಕೋಳಿಗಳಲ್ಲಿ ಎಷ್ಟೋ ನಾಯಿ ಕೊಂದವು.

ನರಿ ಎಂದು ನಾವು ಕರೆಯುವುದೂ ಒಂದೇ ಪ್ರಾಣಿಯನ್ನಲ್ಲ. ಮುಸ್ಸಂಜೆಯಲ್ಲಿ ಕೆರೆ ಏರಿಯ ಮೇಲಿಂದ ಒಂದಕ್ಕೊಂದು ದನಿಗೂಡಿಸಿ ಊಳಿಡುವುದು ದೊಡ್ಡದು. ಎಂಟು ಹತ್ತು ಕಿಲೋ ತೂಗುತ್ತದೆ, ಬಲಿತ ಹುಂಜವನ್ನು ಹೊತ್ತು ಓಡುತ್ತದೆ. ಬಯಲಿನಲ್ಲಿರುವ ಇನ್ನೊಂದು ತೀರಾ ಸಣ್ಣದು, ಎರಡರಿಂದ ನಾಲ್ಕು ಕಿಲೋ, ಪೊದೆಯಂಥ ಬಾಲದ ತುದಿ ಕಪ್ಪು. ಅದರ ಊಟವೆಂದರೆ ಇಲಿ, ಓತಿಕ್ಯಾತ, ಗೆದ್ದಲು, ಮಿಡತೆ, ಬೋರೆಹಣ್ಣು. ಬಲಿತ ನಾಟಿ ಕೋಳಿ ತಿರುಗಿ ನಿಂತರೆ ಅದು ಎರಡು ಸಲ ಯೋಚಿಸುವಂಥ ಜೀವ. ಎರಡಕ್ಕೂ ಒಂದೇ ಹೆಸರಿಟ್ಟು, ದೊಡ್ಡದು ಮಾಡಿದ್ದಕ್ಕೆ ಚಿಕ್ಕದನ್ನು ಹೊಡೆಯುವುದು ಅನ್ಯಾಯ. ಬೆಳಿಗ್ಗೆ ಏಳುತ್ತಲೇ ನರಿ ಮುಖ ನೋಡಿದರೆ ಅದೃಷ್ಟ ಎನ್ನುವವರೂ ನಾವೇ.

ಗುಂಡ್ಲುಪೇಟೆ ಸೀಮೆಯಲ್ಲಿ ಮತ್ತೊಂದು ತಪ್ಪು ತಿಳಿವಳಿಕೆಯಿದೆ. ಬಂಡೀಪುರ ಪಕ್ಕದಲ್ಲೇ ಇರುವುದರಿಂದ ಎಲ್ಲ ಕಾಟವೂ ಕಾಡಿನಿಂದಲೇ ಬರುತ್ತದೆ ಎಂದು ಜನ ನಂಬಿದ್ದಾರೆ. ಆನೆ ಬರುತ್ತದೆ, ಹಂದಿ ಬರುತ್ತದೆ, ಅದು ನಿಜ. ನರಿ ಮಾತ್ರ ಕಾಡಂಚಿನ ಆನೆ ಕಂದಕದ ಈಚೆಗೇ, ನಮ್ಮ ನಡುವೆಯೇ ಸಂಸಾರ ಹೂಡಿಕೊಂಡಿದೆ. ಕಬ್ಬಿನ ಗದ್ದೆ, ಬಾಳೆತೋಟದ ಬದು, ಲಂಟಾನ ಹಬ್ಬಿದ ಬೇಲಿ, ಪಾಳುಬಿದ್ದ ಕಲ್ಲುಕ್ವಾರಿ ಅದರ ಮನೆ. ಅದು ಅಲ್ಲಿರುವುದಕ್ಕೆ ಇಲಿ ಒಂದು ಕಾರಣ. ಇನ್ನೊಂದು ಕಾರಣ ನಾವು ಕೊಟ್ಟದ್ದು: ಕೋಳಿ ಅಂಗಡಿಗಳ ಪುಕ್ಕ, ಕರುಳುಗಳನ್ನು ಚೀಲದಲ್ಲಿ ತುಂಬಿ ಊರಾಚೆಯ ಹಳ್ಳಕ್ಕೆ ಎಸೆಯುತ್ತೇವೆ. ಕೋಳಿಯ ರುಚಿಯನ್ನು ನರಿಗೂ ನಾಯಿಗೂ ಉಚಿತವಾಗಿ ಹತ್ತಿಸಿ, ಆಮೇಲೆ ಹಿತ್ತಲಿಗೆ ಬಂತೆಂದು ದೂರುತ್ತೇವೆ. ಆ ಹಳ್ಳ ಚೊಕ್ಕಟವಾಗದೆ ಯಾವ ಗೂಡೂ ನೆಮ್ಮದಿಯಿಂದಿರದು.

ಇನ್ನು ಗೂಡು. ನಮ್ಮ ಅಜ್ಜಿಯರ ಕಾಲದಲ್ಲಿ ಮಂಕರಿ ಮುಚ್ಚಿ ಮೇಲೊಂದು ಗುಂಡುಕಲ್ಲು ಇಟ್ಟರೆ ಮುಗಿಯಿತು. ಆ ಮಂಕರಿ ಇರುತ್ತಿದ್ದುದು ಪಡಸಾಲೆಯಲ್ಲಿ, ಮನುಷ್ಯರ ಪಕ್ಕದಲ್ಲಿ. ಅದರ ಗಟ್ಟಿತನವೆಲ್ಲ ಅಲ್ಲಿತ್ತು. ಈಗ ಕೋಳಿಯನ್ನು ಮನೆಯಿಂದ ದೂರಕ್ಕೆ, ಹಿತ್ತಲ ಕೊನೆಗೆ ಕಳಿಸಿದ್ದೇವೆ. ಹಾಗಾಗಿ ಗೂಡು ತನ್ನನ್ನು ತಾನೇ ಕಾಯಬೇಕು. ಆರು ಮೂಲೆಯ ಕಣ್ಣಿನ ತೆಳು ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನರಿಯನ್ನು ಹೊರಗಿಡುವುದಿಲ್ಲ; ಹಲ್ಲಿಗೆ ಸಿಕ್ಕರೆ ಬಟ್ಟೆಯಂತೆ ಬಿಚ್ಚಿಕೊಳ್ಳುತ್ತದೆ. ಬೆಸುಗೆ ಹಾಕಿದ ದಪ್ಪ ತಂತಿಯ ಜಾಲರಿಯೇ ಬೇಕು. ಕೆಳಗಿನ ಎರಡು ಅಡಿಗೆ ಅರ್ಧ ಅಂಗುಲದ ಕಣ್ಣು, ಮೇಲಕ್ಕೆ ಒಂದು ಅಂಗುಲ ಸಾಕು.

ಹೆಚ್ಚಿನವರು ಸೋಲುವುದು ನೆಲದ ಹತ್ತಿರ. ನರಿ ಗೋಡೆ ಹಾರುವುದಕ್ಕಿಂತ ಬುಡ ಕೆರೆಯುವುದೇ ಹೆಚ್ಚು, ಅದೂ ಗೋಡೆಗೆ ಅಂಟಿಕೊಂಡೇ ಕೆರೆಯುತ್ತದೆ. ಆದ್ದರಿಂದ ಜಾಲರಿಯನ್ನು ಬುಡದಲ್ಲಿ ಹೊರಕ್ಕೆ ಮಡಿಸಿ, ಒಂದೂವರೆ ಎರಡು ಅಡಿ ಅಗಲಕ್ಕೆ ಸೀರೆಯ ಸೆರಗಿನಂತೆ ನೆಲದ ಮೇಲೆ ಹಾಸಿ ಕಲ್ಲು ಹೇರಬೇಕು. ಕೆರೆಯಲು ಬಂದದ್ದು ಆ ಸೆರಗಿನ ಮೇಲೆಯೇ ನಿಂತು ಕೆರೆಯುತ್ತದೆ, ಉಗುರಿಗೆ ತಂತಿ ಸಿಗುತ್ತದೆ, ಹೊರಟುಹೋಗುತ್ತದೆ. ಹಿಂದಕ್ಕೆ ಸರಿದು ಕೆರೆಯಬೇಕೆಂದು ಅದಕ್ಕೆ ಹೊಳೆಯುವುದು ಕಮ್ಮಿ. ಚಾಮರಾಜನಗರದವರಿಗೆ ಕಲ್ಲಿನ ಬಡತನವಿಲ್ಲ. ನಮ್ಮ ಕರಿಕಲ್ಲು ದೇಶಾಂತರ ಹೋಗುತ್ತದೆ, ಕೊಯ್ದುಳಿದ ಅಂಚಿನ ಚೂರುಗಳು ಇಲ್ಲೇ ರಾಶಿ ಬಿದ್ದಿರುತ್ತವೆ. ಗೂಡಿನ ಸುತ್ತ ಹಾಸಲು ಅದಕ್ಕಿಂತ ಒಳ್ಳೆಯದು ನನಗೆ ತಿಳಿದಿಲ್ಲ.

ನಾಯಿ ಕಟ್ಟಿ ಎಂದು ಹೊರದೇಶದ ಪುಸ್ತಕಗಳು ಹೇಳುತ್ತವೆ. ಗುಂಡ್ಲುಪೇಟೆಯಲ್ಲಿ ಆ ಸಲಹೆ ಕೊಡಲು ನನ್ನ ನಾಲಗೆ ಏಳುವುದಿಲ್ಲ. ರಾತ್ರಿ ಗೂಡಿನ ಬಳಿ ಸರಪಳಿ ಹಾಕಿ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಊಟ. ಬಾಚಹಳ್ಳಿ ದಾರಿಯ ನನ್ನ ಗೆಳೆಯರೊಬ್ಬರು ಹೀಗೆ ನಾಯಿ ಕಳೆದುಕೊಂಡರು. ಕೋಳಿಗಳೇನೋ ಉಳಿದವು, ಆದರೆ ಅವರು ಆಮೇಲೆ ಕೋಳಿ ಸಾಕುವುದನ್ನೇ ಬಿಟ್ಟರು.

ತಳಿಯ ಮಾತು ಒಂದಿಷ್ಟು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಬೇಗ ಬೆಳೆಯುತ್ತದೆ, ಚೆನ್ನಾಗಿ ತೂಗುತ್ತದೆ, ಹಿತ್ತಲಲ್ಲಿ ಮೇಯುತ್ತದೆ. ಆದರೆ ಮೈಭಾರಕ್ಕೆ ಹಾರಲಾರದು, ಅಪಾಯ ಬಂದರೆ ಮುದುರಿ ಕೂರುತ್ತದೆ. ನಾಟಿ ಹ್ಯಾಟೆಗೆ ನುಗ್ಗೆಮರ ಹತ್ತುವ ಬುದ್ಧಿಯೂ ರೆಕ್ಕೆಯೂ ಎರಡೂ ಉಳಿದಿವೆ. ಗಿರಿರಾಜ ಸಾಕುವವರು ಗೂಡಿನ ಮೇಲೆ ಒಂದಿಷ್ಟು ಹೆಚ್ಚೇ ಖರ್ಚು ಮಾಡಬೇಕು. ನಾಟಿಯಲ್ಲೂ ಕಾವಿಗೆ ಕೂತ ಕೋಳಿಯ ವಿಷಯ ಬೇರೆ: 21 ದಿನ ಅದು ಮೊಟ್ಟೆ ಬಿಟ್ಟು ಮರ ಹತ್ತುವುದಿಲ್ಲ. ಆ ಮೂರು ವಾರ ಅದನ್ನು ಮನೆಯೊಳಗೆ ಮಂಕರಿಯಡಿ ಇಡಿ.

ಉರುಳು, ಸಿಡಿಮದ್ದು, ವಿಷ ಬೇಡ. ನರಿ, ಮುಂಗುಸಿ, ಕಾಡುಬೆಕ್ಕು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅದು ಗೊತ್ತಿದ್ದೂ ಸತ್ತ ಕೋಳಿಗೆ ಕ್ರಿಮಿನಾಶಕ ಸವರಿ ಬೇಲಿಯಲ್ಲಿ ಇಡುವವರಿದ್ದಾರೆ. 2025ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ವಿಷ ಹಾಕಿದ ಹಸುವಿನ ಕಳೇಬರ ತಿಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತವು. ಇಟ್ಟ ವಿಷವನ್ನು ಯಾರು ತಿನ್ನಬೇಕೆಂದು ಇಟ್ಟವನು ಹೇಳಲಾರ. ನರಿಗೆಂದು ಬೇಲಿಯಲ್ಲಿಟ್ಟದ್ದನ್ನು ಹದ್ದು ತಿನ್ನಬಹುದು, ಪಕ್ಕದ ಮನೆಯ ಬೆಕ್ಕು ತಿನ್ನಬಹುದು, ಆಡಲು ಬಂದ ಮಗು ಮುಟ್ಟಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಕೋಳಿ ಉಳಿಯುವುದು ಸಂಜೆಯ ಅರ್ಧ ಗಂಟೆಯಲ್ಲಿ. ಬೆಳಕು ಕಂದುತ್ತಲೇ ಕೋಳಿಗೆ ಕಣ್ಣು ಮಂಜಾಗುತ್ತದೆ, ನರಿಗೆ ಚುರುಕಾಗುತ್ತದೆ. ಎಂಥ ಗಟ್ಟಿ ಗೂಡಾದರೂ ಬಾಗಿಲು ಹಾಕಲು ಹತ್ತು ನಿಮಿಷ ತಡವಾದರೆ ಅದು ಗೂಡಲ್ಲ. ಮದುವೆ, ಸಂತೆ, ಕ್ರಿಕೆಟ್ಟು, ಮಳೆ: ನನ್ನ ಹಿತ್ತಲಿನ ಕೋಳಿಗಳೆಲ್ಲ ಹೋದದ್ದು ಇಂಥ ಸಂಜೆಗಳಲ್ಲೇ. ಹಾಗಾಗಿ ಐದೂವರೆಗೇ ಒಂದು ಹಿಡಿ ರಾಗಿ ಗೂಡಿನೊಳಗೆ ಎರಚುತ್ತೇನೆ. ಬಾ ಬಾ ಬಾ ಎಂದು ಕರೆಯುವ ದನಿ ದಿನವೂ ಒಂದೇ ಇರಬೇಕು, ಮನೆಯವರಲ್ಲಿ ಒಬ್ಬರೇ ಕರೆಯಬೇಕು. ಒಳಗೆ ಬಂದ ಮೇಲೆ ಎಣಿಸುತ್ತೇನೆ, ಚಿಲಕ ಹಾಕುತ್ತೇನೆ, ಚಿಲಕದ ಮೇಲೊಂದು ಕೊಂಡಿ ಸಿಗಿಸುತ್ತೇನೆ.

ನಿನ್ನೆ ಹದಿಮೂರೇ ಸಿಕ್ಕವು. ಹದಿನಾಲ್ಕನೆಯದು, ಕತ್ತಿನ ಮೇಲೆ ಪುಕ್ಕವಿಲ್ಲದ ನಾಟಿ ಹ್ಯಾಟೆ, ನುಗ್ಗೆಮರದ ಕೊನೆಯ ಕವಲಿನಲ್ಲಿ ಕೂತಿತ್ತು. ಎಷ್ಟು ಕರೆದರೂ ಇಳಿಯಲಿಲ್ಲ. ಏಣಿ ತರಲು ಹೋದೆ. ಬರುವಷ್ಟರಲ್ಲಿ ಕೆರೆಯ ಕಡೆಯಿಂದ ಮೊದಲ ಊಳು ಕೇಳಿಸಿತು. ಹ್ಯಾಟೆ ತಲೆ ಎತ್ತಿ ಆ ಕಡೆ ತಿರುಗಿ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಇನ್ನೊಂದು ಕವಲಿಗೆ ಮೇಲೇರಿ ಕೂತಿತು. ನಾನು ಏಣಿಯನ್ನು ಗೋಡೆಗೆ ಒರಗಿಸಿ ಒಳಗೆ ಬಂದೆ.