ಕರ್ಬಲಾದ ದಂಡಿಗೆ ಮುಖವಿಲ್ಲವೇ?

ಮೊಹರಂ ಬಂತೆಂದರೆ ಧಾರವಾಡ ಸೀಮೆಯ ಹಳ್ಳಿಗಳಲ್ಲಿ ರಿವಾಯತ್ ಪದಗಳು ಕೇಳತೊಡಗುತ್ತವೆ. ಅಲಾವಿ ಕುಣಿಯ ಸುತ್ತ ಹೆಜ್ಜೆ ಹಾಕಿ ಹಾಡುವವರಲ್ಲಿ ಮುಸ್ಲಿಮರಷ್ಟೇ ಅಲ್ಲ, ಬೇರೆ ಜಾತಿಯವರೂ ಇರುತ್ತಾರೆ. ಶಿಶುನಾಳ ಷರೀಫರೂ (1819–1889) ಅಲಾವಿ ಪದ ಕಟ್ಟಿದವರೇ. ಈ ಪದಗಳ ಬಗ್ಗೆ ನಾವು ಬರೆಯುವ ಹೆಚ್ಚಿನ ಲೇಖನಗಳು 'ಭಾವೈಕ್ಯ' ಎಂಬ ಮಾತಿಗೆ ಬಂದು ನಿಲ್ಲುತ್ತವೆ. ಮಾತು ಸುಳ್ಳಲ್ಲ. ಆದರೆ ಯಾರು ಹಾಡುತ್ತಾರೆಂದು ಹೇಳಿದ ಮಾತ್ರಕ್ಕೆ ಏನು ಹಾಡುತ್ತಾರೆಂಬುದನ್ನು ಓದಿದಂತಾಗುವುದಿಲ್ಲ.

ಈ ಪದಗಳ ಕಣ್ಣು ಹೆಚ್ಚಾಗಿ ಹುಸೇನರ ಡೇರೆಯೊಳಗೇ ಇರುತ್ತದೆ. ನೀರಿಲ್ಲದ ಮಕ್ಕಳು, ಅಳುವ ತಾಯಂದಿರು, ಮದುವೆಯ ಮರುಗಳಿಗೆಯೇ ಕಾಳಗಕ್ಕೆ ಹೊರಟ ಕಾಸೀಮ. ಈ ಮದುವೆಯ ಕತೆ ಹಳೆಯ ಅರಬ್ಬಿ ಚರಿತ್ರೆಗಳಲ್ಲಿಲ್ಲ. ಹಸನರು ತೀರಿಕೊಂಡದ್ದು ಕರ್ಬಲಾಕ್ಕೆ ಸುಮಾರು ಹತ್ತು ವರ್ಷ ಮೊದಲು. ಹಾಡುಗಾರರು ಅಣ್ಣತಮ್ಮಂದಿರನ್ನು ಜೋಡಿಯಾಗಿಯೇ ಕರೆಯುತ್ತಾರೆ. ಇವನ್ನು ತಪ್ಪೆಂದು ಎಣಿಸಬೇಕಿಲ್ಲ. ಯುದ್ಧವನ್ನು ಮನೆಯ ನಷ್ಟವಾಗಿ ಕಾಣುವ ಕವಿಯ ಆಯ್ಕೆ ಅದು.

ಎದುರಿನ ದಂಡು ಮಾತ್ರ ಯಜೀದನ ಹೆಸರು ಹೊತ್ತ ಒಂದು ಕಪ್ಪು ಗುಂಪು. ಇದಕ್ಕೆ ಇಲ್ಲಿನ ಅನುಭವವೂ ಕಾರಣವಿರಬೇಕು. 1790–91ರಲ್ಲಿ ಮರಾಠರು ಮತ್ತು ಇಂಗ್ಲಿಷರು ಟಿಪ್ಪುವಿನ ವಶದಲ್ಲಿದ್ದ ಧಾರವಾಡ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ್ದರು. ಅದು ಮುಗಿದು ಮೂವತ್ತು ವರ್ಷ ತುಂಬುವುದರೊಳಗೆ ಹುಟ್ಟಿದವರು ಷರೀಫರು. ಹೊಲ ತುಳಿದು ಹೋಗುವ ದಂಡಿಗೆ ರೈತ ಮುಖವನ್ನು ಎಲ್ಲಿಂದ ಕೊಟ್ಟಾನು?

ಆದರೆ ಚರಿತ್ರೆಯ ದಂಡಿಗೆ ಮುಖವಿತ್ತು. 680ರ ಅಕ್ಟೋಬರ್ 10ರಂದು ಹುಸೇನರ ಜೊತೆಗಿದ್ದವರು ಸುಮಾರು 72. ಎದುರಿಗೆ 4,000ವೆಂದು ಹಳೆಯ ಚರಿತ್ರೆಕಾರರ ಲೆಕ್ಕ. ಇವರೆಲ್ಲ ಕೂಫಾದವರು. ಕಾದಿಸಿಯ್ಯಾದಲ್ಲಿ ಇರಾನಿನ ಸಸಾನಿ ಸೈನ್ಯವನ್ನು ಸೋಲಿಸಿದ ಸಾದ್ ಇಬ್ನ್ ಅಬೀ ವಕ್ಕಾಸ್, ಗೆದ್ದ ಅರಬ್ ಯೋಧರಿಗಾಗಿ 638ರ ಸುಮಾರಿಗೆ ನೆಲೆಗೊಳಿಸಿದ ಪಾಳೆಯವೇ ಕೂಫಾ. ಒಂದೊಂದು ಕುಲಕ್ಕೆ ಒಂದೊಂದು ಕೇರಿ. ದಫ್ತರದಲ್ಲಿ ಹೆಸರಿದ್ದವನಿಗೆ ಗೆದ್ದ ನಾಡಿನ ಕಂದಾಯದಿಂದ ವರ್ಷಾಶನ. ಹುಸೇನರನ್ನು ಕಾಗದ ಬರೆದು ಕರೆದದ್ದೂ ಈ ಊರಿನವರೇ.

ಕರ್ಬಲಾದ ಸೇನಾಪತಿ ಉಮರ್, ಅದೇ ಸಾದ್‌ನ ಮಗ. ಅವನಿಗೆ ಇರಾನಿನ ರೇಯ್ ಪ್ರಾಂತದ ಅಧಿಕಾರ ಗೊತ್ತಾಗಿತ್ತು. ಹುಸೇನರ ಮೇಲೆ ಹೋಗದಿದ್ದರೆ ಆ ಹುದ್ದೆ ಇಲ್ಲ ಎಂದನು ಕೂಫಾದ ಅಧಿಪತಿ ಉಬೈದುಲ್ಲಾ. ಉಮರ್ ಹಿಂದೆಮುಂದೆ ನೋಡಿದ, ಕೊನೆಗೆ ಒಪ್ಪಿದ. ಅಪ್ಪ ಗೆದ್ದ ನಾಡಿನಲ್ಲಿ ಒಂದು ಹುದ್ದೆಗಾಗಿ ಮಗ ಪ್ರವಾದಿಯ ಮೊಮ್ಮಗನ ಮೇಲೆ ದಂಡೆತ್ತಿದ. ಗೆದ್ದ ಸೈನ್ಯಕ್ಕೆ ಸಂಬಳದ ರುಚಿ ಹತ್ತಿದ ಮೇಲೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಕಹಿ ಉದಾಹರಣೆ ಬೇಕಿಲ್ಲ.

ಯಜೀದ ರಾಕ್ಷಸನಾಗಿಬಿಟ್ಟರೆ ಕೇಳುವವರಿಗೆ ನಿರಾಳ: ಅವನು ನಮ್ಮಂಥವನಲ್ಲ. ಉಮರ್ ನಮ್ಮಂಥವನೇ; ಸರಿ ಯಾವುದೆಂದು ಗೊತ್ತಿದ್ದೂ ನೌಕರಿ ಬಿಡಲಾರದವನು. ಅವನ ಪಕ್ಕದಲ್ಲೇ ಹುರ್ ಎಂಬವನೂ ಇದ್ದ. ಸಾವಿರ ಕುದುರೆ ಸವಾರರೊಡನೆ ಹುಸೇನರನ್ನು ತಡೆಯಲು ಬಂದವನು, ಕಾಳಗದ ಮುಂಜಾನೆ ಕುದುರೆ ತಿರುಗಿಸಿ ಈಚೆ ಕಡೆ ಬಂದು ಸತ್ತ.

ಭಾವೈಕ್ಯದ ಮಾತನ್ನು ಬಿಡುವುದು ಬೇಡ. ಆದರೆ ಮುಂದಿನ ಸಲ ರಿವಾಯತ್ ಪದ ಕೇಳುವಾಗ, ಸಂಗ್ರಹಿಸುವಾಗ, ಪಾಠ ಮಾಡುವಾಗ ಎದುರಿನ ದಂಡಿನ ಕಡೆಗೂ ಒಮ್ಮೆ ನೋಡೋಣ. ಅಲ್ಲಿ ಹುರ್ ಇದ್ದಾನೆಯೇ ಎಂದು ಹುಡುಕೋಣ. ಅವನಿದ್ದರೆ ಆ ಪದ ನಮ್ಮನ್ನು ಅಳಿಸಿ ಸುಮ್ಮನಾಗುವುದಿಲ್ಲ, ನೀನು ಯಾವ ಕಡೆ ಎಂದು ಕೇಳುತ್ತದೆ.